ಹೋತ ಒಯ್ದ ಮಾರೆಪ್ಪ

ರಾಯಚೂರಿನಿಂದ ಮಲ್ಲಟದ ಕಡೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಕಂಡಕ್ಟರಿಗೆ ಕಿವಿ ಇರುವುದಿಲ್ಲ ಎಂದು ಜನ ತಿಳಿದುಕೊಂಡಿರುತ್ತಾರೆ. ಟಿಕೆಟ್ ಕೊಡುತ್ತ ಸೀಟಿನಿಂದ ಸೀಟಿಗೆ ಹೋಗುವಾಗ ನಮ್ಮ ಸೋದರಮಾವ ಮಾರೆಪ್ಪನ ಸುದ್ದಿ ಎಷ್ಟೋ ಸಲ ನನ್ನ ಕಿವಿಗೆ ಬಿದ್ದಿದೆ. ಒಬ್ಬರು ಅವನಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಇನ್ನೊಬ್ಬರು, ಊರು ಬಿಟ್ಟು ಹೋಗುತ್ತಿದ್ದ ಮಾರಿಯನ್ನು ಕೈಹಿಡಿದು ವಾಪಸು ಕರೆತಂದ ಪುಣ್ಯಾತ್ಮ ಎಂದು ನಗುತ್ತಾರೆ. ನಮ್ಮ ಪ್ರಾರ್ಥನೆ ಸಭೆಯವರೇ ಸಿಕ್ಕರೆ ದನಿ ಇಳಿಸಿ, ವಿಶ್ವಾಸದಿಂದ ಬಿದ್ದವನು ಅನ್ನುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಯೂನಿಫಾರ್ಮ್ ಹಾಕಿಕೊಂಡು ಜಗಳ ಆಡುವ ಹಾಗಿಲ್ಲ. ಅದಕ್ಕೇ ನಡೆದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಊರಿನ ಹೆಸರು ಮಾತ್ರ ಬೇಡ. ಮಾವನ ಹೆಂಡತಿ ಗೋಪಮ್ಮತ್ತೆ ಇನ್ನೂ ಅಲ್ಲಿಯೇ ಬದುಕಬೇಕು.

ಕಾಲುವೆ ಪಕ್ಕದ ಆ ಊರಿನಲ್ಲಿ ಹಳೆಯದೊಂದು ಪದ್ಧತಿ ಇದೆ. ದನಕ್ಕೋ ಮಂದಿಗೋ ದೊಡ್ಡ ಬೇನೆ ಬಂದರೆ ಒಂದು ಹೋತವನ್ನು ಮೀಯಿಸಿ, ಅರಿಶಿನ ಕುಂಕುಮ ಹಚ್ಚಿ, ಕೊರಳಿಗೆ ಬೇವಿನ ಸೊಪ್ಪು ಕಟ್ಟಿ ಮನೆಮನೆಯ ಮುಂದೆ ನಿಲ್ಲಿಸುತ್ತಾರೆ. ಮನೆಯವರು ಅದರ ಬೆನ್ನು ಮುಟ್ಟುತ್ತಾರೆ. ಮುಟ್ಟಿದರೆ ಆ ಮನೆಯ ಬೇನೆ ಹೋತಕ್ಕೆ ಹತ್ತಿತು ಎಂದು ಲೆಕ್ಕ. ಆಮೇಲೆ ಒಬ್ಬ ಅದನ್ನು ಊರ ಗಡಿ ದಾಟಿಸಿ ಬಿಟ್ಟು ಬರಬೇಕು. ಆ ಒಬ್ಬ ನಮ್ಮ ಕೇರಿಯವನೇ, ನಮ್ಮ ತಾಯಿಯ ತವರುಮನೆಯವನೇ ಆಗಬೇಕು. ಹೋಗುವಾಗ ತಿರುಗಿ ನೋಡಬಾರದು. ಬಂದ ಮೇಲೆ ಅಗಸಿಯಿಂದ, ಅಂದರೆ ಊರಿನ ಹೆಬ್ಬಾಗಿಲಿನಿಂದ, ಒಳಗೆ ಕಾಲಿಡಬಾರದು. ಅವನೂ ಇಡಬಾರದು, ಅವನ ಮಕ್ಕಳೂ ಇಡಬಾರದು, ಅದಕ್ಕೆ ಕಾಲಮಿತಿಯಿಲ್ಲ. ಅಗಸಿಗೆ ಈಗ ಬಾಗಿಲೂ ಉಳಿದಿಲ್ಲ, ಎರಡು ಮುರುಕು ಕಲ್ಲುಗೋಡೆ, ನಡುವೆ ಸಿಮೆಂಟ್ ರಸ್ತೆ. ಟ್ರ್ಯಾಕ್ಟರ್ ಹೋಗುತ್ತದೆ, ಹಂದಿ ಹೋಗುತ್ತದೆ, ನಮ್ಮ ಮಾವ ಹೋಗುವ ಹಾಗಿಲ್ಲ. ಅವನು ತಿಪ್ಪೆಗಳ ಹಿಂದಿನ ಸಂದಿಯಿಂದ ಸುತ್ತಿ ಬರಬೇಕು.

ನಮ್ಮವ್ವ ಮದುವೆಯಾಗಿ ರಾಯಚೂರಿಗೆ ಬಂದಳು. ನಾನು ಅಲ್ಲಿಯೇ ಹುಟ್ಟಿ ಬೆಳೆದೆ. ಸಿಕ್ಕ ಬಾಗಿಲಲ್ಲೆಲ್ಲ ನುಗ್ಗುವ ಧೈರ್ಯ ನನಗೆ ಬಂದದ್ದು ಹಾಗೆ. ಮಾವ ಊರಲ್ಲಿಯೇ ಉಳಿದ. ಅವನಪ್ಪ ಪಕೀರಪ್ಪ ಕಾಲರಾ ಬಂದ ವರ್ಷ ಹೋತ ಒಯ್ದಿದ್ದ. ತಮ್ಮ ಹೊಲಕ್ಕೆ ಬೇನೆ ತಂದು ಬಿಟ್ಟ ಎಂದು ಪಕ್ಕದ ಊರಿನವರು ಅವನನ್ನು ಸಿಕ್ಕಾಪಟ್ಟೆ ಹೊಡೆದರು. ಎದ್ದು ಬರಲಾಗದೆ ಕಾಲುವೆ ದಂಡೆಯ ಮೇಲೆಯೇ ಸತ್ತ. ಸತ್ತವನನ್ನೂ ಅಗಸಿಯಿಂದ ತರಲು ಬಿಡಲಿಲ್ಲ. ಮಾವ ಆಗ ಸಣ್ಣವನು. ಬೆಳೆದ ಮೇಲೆ ಅವನೂ ಒಂದೆರಡು ಸಲ ಹೋತ ಒಯ್ದ, ಉಳಿದ ದಿನ ಊರವರ ಆಡು ಕಾಯ್ದ. ಆಡುಗಳಿಗೆ ಅವನೆಂದರೆ ಪ್ರಾಣ. ಹಗ್ಗ ಬೇಕಾಗಿರಲಿಲ್ಲ, ಅವನು ನಡೆದರೆ ಅವೂ ಹಿಂದೆ ನಡೆಯುತ್ತಿದ್ದವು.

ಕೇರಿಯಲ್ಲಿ ತಗಡಿನ ಪ್ರಾರ್ಥನೆ ಮನೆ ಎದ್ದಾಗ ಮೊದಲು ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಅವನೂ ಒಬ್ಬ. ಯಾಕೆ ಎಂದು ನಾನು ಕೇಳಿದ್ದೆ. "ಒಂದs ಬಾಗಲ ಅದ ಬೇ ಅದಕ್ಕ. ಎಲ್ಲಾರೂ ಅದರಾಗ ಬರ್ತಾರ, ಅದರಾಗ ಹೋಗ್ತಾರ" ಅಂದ. ಮಾರಿಯ ಹೆಸರು ಬಿಟ್ಟು ಬೇರೆ ಹೆಸರು ಇಟ್ಟುಕೋ ಎಂದು ಪಾಸ್ಟರ್ ಹೇಳಿದರು. "ಆಧಾರ್ ಕಾರ್ಡಿನ್ಯಾಗ ಮಾರೆಪ್ಪ ಅಂತ ಅದರಿ. ಪರಲೋಕದಾಗೂ ಅದs ನಡೀಲಿ ಬಿಡ್ರಿ" ಎಂದು ತಪ್ಪಿಸಿಕೊಂಡ. ಆಗಿನಿಂದ ಹೋತ ಒಯ್ಯುವುದನ್ನೂ ಬಿಟ್ಟ. ಅವನ ಅದೃಷ್ಟಕ್ಕೆ ಆ ವರ್ಷಗಳಲ್ಲಿ ಊರಿಗೆ ದೊಡ್ಡ ಬೇನೆಯೂ ಬರಲಿಲ್ಲ.

ಪಾಸ್ಟರ್ ಅಂದರೆ ದೇವದುರ್ಗದ ಸುಭಾಷ್. ಭಾನುವಾರ ಮಸರಕಲ್ಲಿನಲ್ಲಿ ಒಂದು ಆರಾಧನೆ ಮುಗಿಸಿ, ಬೈಕಿನ ಮೇಲೆ ಧೂಳು ತಿನ್ನುತ್ತ ನಮ್ಮಲ್ಲಿಗೆ ಬರುತ್ತಿದ್ದರು. ಕೆಟ್ಟವರಲ್ಲ. ಹೊಟ್ಟೆಗಿಲ್ಲದ ದಿನವೂ ಬಂದಿದ್ದಾರೆ. ಒಂದು ಸಲ ಶುಭಶುಕ್ರವಾರ ಹತ್ತಿರ ಬಂದಾಗ ಅವರು ಮೋಶೆಯ ಕಾಲದ ದೋಷಪರಿಹಾರದ ದಿನದ ಬಗ್ಗೆ ಪ್ರಸಂಗ ಮಾಡಿದರು. ನನಗೆ ವಾರದ ರಜೆ ಇತ್ತು, ನಾನೂ ಕೂತಿದ್ದೆ. ವರ್ಷಕ್ಕೊಮ್ಮೆ ಎರಡು ಹೋತ ತರುತ್ತಿದ್ದರಂತೆ. ಒಂದನ್ನು ಕೊಯ್ದು ಅದರ ರಕ್ತವನ್ನು ದೇವರ ಗುಡಾರದ ಪರದೆಯ ಒಳಗೆ ಒಯ್ಯುವುದು. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು, ಜನರ ಪಾಪಗಳನ್ನೆಲ್ಲ ಬಾಯಿಬಿಟ್ಟು ಹೇಳಿ, ಒಬ್ಬ ಮನುಷ್ಯನ ಕೈಯಲ್ಲಿ ಕೊಟ್ಟು ಅಡವಿಗೆ ಕಳಿಸುವುದು. "ಆ ಎರಡೂ ಹೋತ ಯಾರು? ನಮ್ಮ ಯೇಸುಸ್ವಾಮಿಯೇ" ಎಂದು ಪಾಸ್ಟರ್ ದನಿ ಏರಿಸಿದರು. ಎಲ್ಲರೂ ಸ್ತೋತ್ರ ಅಂದರು.

ಮಾವ ಎದ್ದು ನಿಂತ. ಪ್ರಸಂಗದ ನಡುವೆ ಯಾರೂ ಏಳುವುದಿಲ್ಲ. ಗೋಪಮ್ಮತ್ತೆ ಹೆಂಗಸರ ಸಾಲಿನಿಂದಲೇ ಕಣ್ಣು ಬಿಟ್ಟಳು.

"ಅಯ್ಯಾರs, ಆ ಹೋತ ಒಯ್ದಾವ ಯಾರ್ರಿ?"

"ಅವನ ಹೆಸರು ಬರೆದಿಲ್ಲ ಮಾರೆಪ್ಪ. ಯಾರೋ ಒಬ್ಬ."

"ಅವ ಹೊಳ್ಳಿ ಬಂದ್ನೇನ್ರಿ?"

ಪಾಸ್ಟರಿಗೆ ಆ ಪ್ರಶ್ನೆ ಬರುತ್ತದೆ ಎಂದು ಗೊತ್ತಿರಲಿಲ್ಲ. ಪುಟದ ಮೇಲೆ ಬೆರಳಾಡಿಸಿ ಹುಡುಕಿದರು. ಸಿಕ್ಕಾಗ ಅವರಿಗೂ ಖುಷಿಯಾಯಿತು. "ಬಂದ. ಬಟ್ಟೆ ಒಗೆದುಕೊಂಡು, ಸ್ನಾನ ಮಾಡಿ, ಆಮೇಲೆ ಪಾಳೆಯದೊಳಗೆ ಬರಬಹುದು ಎಂದು ದೇವರೇ ಹೇಳಿದ್ದಾನೆ."

"ಪಾಳೇವಂದ್ರ ಊರs ಏನ್ರಿ?"

"ಊರೇ ಅನ್ನು."

ಮಾವ ಕೂತ. ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದ, "ನಾಗೂ, ನಮ್ಮ ಕೆಲಸ ದೇವರ ಪುಸ್ತಕದಾಗ ಅದ ಬೇ."

"ಆ ಕೆಲಸ ಮಾಡಿದಾವನ ಹೆಸರs ಬರದಿಲ್ಲಲ್ಲ ಮಾವ" ಅಂದೆ. ನನಗೆ ಇಂಥ ಉತ್ಸಾಹ ಕಂಡರೆ ಹೆದರಿಕೆ.

"ಹೆಸರು ತಗೊಂಡು ಏನ್ಮಾಡ್ತಿ? ಒಳಗ ಬಂದ್ನಲ್ಲ."

ಆಮೇಲೆ ಅವನು ಪಾಸ್ಟರನ್ನು ಬಿಡಲಿಲ್ಲ. ಶುದ್ಧ ಅಶುದ್ಧದ ಕಟ್ಟಳೆಗಳನ್ನೆಲ್ಲ ಓದಿಸಿಕೊಂಡ. ಹೆಣ ಮುಟ್ಟಿದವನು ಏನು ಮಾಡಬೇಕು, ಹಡೆದ ಹೆಂಗಸು ಏನು ಮಾಡಬೇಕು, ಮೈಮೇಲೆ ಮಚ್ಚೆ ಬಂದವನು ಎಲ್ಲಿರಬೇಕು, ವಾಸಿಯಾದ ಮೇಲೆ ಯಾಜಕ ಅವನನ್ನು ಎಲ್ಲಿ ಹೋಗಿ ನೋಡಬೇಕು. ಇವೆಲ್ಲ ಹಳೆಯ ನೆರಳು, ಯೇಸು ಬಂದ ಮೇಲೆ ಮುಗಿದವು ಎಂದು ಪಾಸ್ಟರ್ ಹೇಳಿದರೆ ಮಾವನಿಗೆ ಸಮಾಧಾನವಿಲ್ಲ. ಅವನ ಕಣ್ಣಿಗೆ ಬಿದ್ದದ್ದೇ ಬೇರೆ. "ಅಲ್ಲಿ ಎಲ್ಲಾದಕ್ಕೂ ಒಂದು ವಾಯಿದೆ ಅದ ಬೇ. ಸಂಜಿಮಟ, ಇಲ್ಲಂದ್ರ ಒಂದು ವಾರ. ಕುಷ್ಠ ಆದಾವಗೂ ಹೊಳ್ಳಿ ಬರೂ ದಾರಿ ಅದ. ನಮಗಷ್ಟs ಇಲ್ಲ" ಎಂದು ಫೋನಿನಲ್ಲಿ ಹೇಳಿದ. ನಾನು ಚರ್ಚಿಗೆ ಹೋಗುವುದು ಬೆಳಿಗ್ಗೆ ಡ್ಯೂಟಿ ಇಲ್ಲದಿದ್ದರೆ ಮಾತ್ರ. ಆದರೂ ಆ ಮಾತು ನನಗೆ ನಾಟಿತು. ನಮ್ಮ ಊರುಗಳ ಮೈಲಿಗೆಗೆ ಸಂಜೆ ಎಂಬುದೇ ಇಲ್ಲ.

ಅಷ್ಟರಲ್ಲಿ ದನಗಳಿಗೆ ಗಂಟಿನ ಬೇನೆ ಬಂತು. ರಾಯಚೂರು ಜಿಲ್ಲೆಯ ತುಂಬ ಆ ವರ್ಷ ದನಗಳ ಮೈಮೇಲೆ ಗುಳ್ಳೆ, ಜ್ವರ, ಬಾಯಲ್ಲಿ ಜೊಲ್ಲು. ಸರಕಾರದವರು ಸೂಜಿ ಹಾಕಿದರು. ಆದರೂ ಸತ್ತವು. ಅಕ್ಕಿ ಗಿರಣಿಯ ಶಿವರಾಜ ಸಾಹುಕಾರರ ಜೋಡೆತ್ತಿನಲ್ಲಿ ಒಂದು ಸತ್ತ ಮರುದಿನ ಅವರು ಕೇರಿಗೆ ಬಂದರು. ಕೇರಿಯ ಒಳಗಲ್ಲ, ಕೇರಿಯ ಮುಂದೆ ಬೈಕ್ ನಿಲ್ಲಿಸಿ ಕರೆಸಿದರು.

"ಮಾರ್ಯಾ, ಹೋತ ಒಯ್ಯಬೇಕಲ್ಲೋ."

"ನಾ ಈಗ ಯೇಸುಸ್ವಾಮಿ ಒಕ್ಕಲದೀನ್ರಿ ಸಾವ್ಕಾರ್ರ."

"ಇರಪಾ, ಯಾರ್ ಬ್ಯಾಡಂದ್ರು? ಅವನ ಹೆಸರು ತಗೊಂಡs ಒಯ್ಯಿ. ದನ ಉಳಿದ್ರ ಸಾಕು."

ಮಾವ ಯೋಚನೆ ಮಾಡಿದನಂತೆ. ಗೋಪಮ್ಮತ್ತೆ ಬಾಗಿಲ ಸಂದಿಯಲ್ಲಿ ನಿಂತು ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳಂತೆ. ಅವನು ಅತ್ತ ನೋಡಲೇ ಇಲ್ಲ. "ಒಯ್ತೀನ್ರಿ. ಆದ್ರ ಹೊಳ್ಳಿ ಬಂದ ಮ್ಯಾಲ ಬಟ್ಟಿ ಒಗದು, ಜಳಕ ಮಾಡಿ, ಅಗಸಿಯಿಂದ ಒಳಗ ಬರ್ತೀನಿ. ಕಬೂಲ್ ಅದೇನ್ರಿ?"

ಸಾಹುಕಾರರು ನಕ್ಕರು. ಕಟ್ಟಿ ಹಾಕಿದ ಎತ್ತು ಹಟ್ಟಿಯಲ್ಲಿ ನರಳುತ್ತಿದ್ದರೆ ಯಾರಾದರೂ ಏನಾದರೂ ಒಪ್ಪುತ್ತಾರೆ. "ಬಾರಲೇ" ಅಂದರು.

ವಿಷಯ ಗೊತ್ತಾದಾಗ ನಾನು ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಕೂಗಾಡಿದೆ. "ಮಾವ, ತಲಿ ಕೆಟ್ಟದೇನು? ಅಲ್ಲಿ ಹೋತ ಕಳಿಸಿದಾವ ದೇವರು. ಇಲ್ಲಿ ಕಳಸಾಕತ್ತಾವ ಸಾವ್ಕಾರ."

"ನಾ ದೇವರ ಮಾತು ಹಿಡದು ಹೋಗಾಕತ್ತೀನಿ ಬೇ. ಅವ್ರೇನಾರ ತಿಳಕೊಳ್ಳಲಿ."

"ಅಡವಿಗೆ ಬಿಡಬೇಕಂತಲ್ಲ? ನಿಮ್ಮೂರ ಸುತ್ತ ಅಡವಿ ಎಲ್ಲಿ ಅದ? ಈ ಗಡಿ ಮುಗದಲ್ಲೇ ಮತ್ತೊಂದೂರಿನ ಭತ್ತದ ಗದ್ದಿ."

ಡ್ರೈವರ್ ಹಾರ್ನ್ ಹೊಡೆದ. ನಾನು ಫೋನ್ ಇಟ್ಟೆ.

ಮಂಗಳವಾರ ಇಳಿಹೊತ್ತಿಗೆ ಹೋತವನ್ನು ಮನೆಮನೆ ಸುತ್ತಿಸಿ ಅಗಸಿಯ ಹೊರಗೆ ತಂದು ನಿಲ್ಲಿಸಿದರು. ಮಾವ ಬಿಳಿ ಅಂಗಿ, ಬಿಳಿ ಧೋತರ ಉಟ್ಟು ಕಾಯುತ್ತಿದ್ದ. ಹಗ್ಗ ಹಿಡಿದು ನಡೆದುಬಿಡುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ಅವನು ಹೋತದ ತಲೆಯ ಮೇಲೆ ಎರಡೂ ಕೈ ಇಟ್ಟ. ಕಣ್ಣು ಮುಚ್ಚಿ, ಯೇಸುವಿನ ಹೆಸರಿನಲ್ಲಿ ಊರಿನ ಪಾಪಗಳನ್ನು ಬಾಯಿಬಿಟ್ಟು ಹೇಳತೊಡಗಿದ. ಪುಸ್ತಕದಲ್ಲಿ ಹಾಗೆಯೇ ಇದೆ, ಹಾಗೆಯೇ ಮಾಡಬೇಕು ಎಂಬುದು ಅವನ ನಂಬಿಕೆ. ಹೋಟೆಲಿನಲ್ಲಿ ನಮ್ಮವರಿಗೆ ಬೇರೆ ಇಟ್ಟಿರುವ ಚಹಾದ ಕಪ್ಪನ್ನು ಹೇಳಿದ. ತನ್ನಪ್ಪನ ಹೆಣವನ್ನು ತಿಪ್ಪೆಯ ಮೇಲಿಂದ ತಂದದ್ದನ್ನು ಹೇಳಿದ. ಗಿರಣಿಯಲ್ಲಿ ಕೈ ಕಳೆದುಕೊಂಡ ನಮ್ಮ ಕೇರಿಯ ಹೆಣ್ಣುಮಗಳನ್ನು ಹೆಸರು ಹಿಡಿದೇ ಹೇಳಿದ. ತನ್ನದನ್ನೂ ಬಿಡಲಿಲ್ಲ, ಕುಡಿದು ಹೆಂಡತಿಯನ್ನು ಹೊಡೆದದ್ದನ್ನೂ ಸೇರಿಸಿದ. ಯಾರಿಗೂ ತಡೆಯುವ ಧೈರ್ಯವಾಗಲಿಲ್ಲ. ಊರಿನ ಬೇನೆಯನ್ನೆಲ್ಲ ಹೊತ್ತ ಹೋತ ಅದು, ತಡೆಯಲು ಹೋಗಿ ಮುಟ್ಟಿದರೆ ಬೇನೆ ತಮಗೇ ವಾಪಸು ಹತ್ತುತ್ತದೆ. ನಿಂತು ಕೇಳಿದರು. ಒಬ್ಬಿಬ್ಬರು ಫೋನಿನಲ್ಲಿ ಹಿಡಿದುಕೊಂಡರು. ಆ ವಿಡಿಯೊ ನನಗೂ ಬಂದಿತ್ತು. ಶಿವರಾಜ ಸಾಹುಕಾರರ ಮುಖ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಅವರು ಅವತ್ತೇ ತೀರ್ಮಾನ ಮಾಡಿದ್ದರು ಎಂದು ಈಗ ನನಗೆ ಅನ್ನಿಸುತ್ತದೆ.

ಗಡಿಯಲ್ಲಿ ಪಕ್ಕದ ಊರಿನ ಹುಡುಗರು ಬಡಿಗೆ ಹಿಡಿದು ಕಾಯುತ್ತಿದ್ದರು. ಅವರ ದನಗಳಿಗೂ ಬೇನೆ ಬಂದಿತ್ತು, ಅವರದೂ ತಪ್ಪು ಅನ್ನಲಾರೆ. ಮಾವನ ಬೆನ್ನಿಗೆ, ಮೊಣಕಾಲಿಗೆ ಪೆಟ್ಟು ಬಿದ್ದವು. ಹೋತವನ್ನು ಅಟ್ಟಿದರು. ಅದು ಎಲ್ಲಿಗೆ ಹೋಗಬೇಕು? ಒಂದಿಷ್ಟು ದೂರ ಓಡಿ, ನಿಂತು, ಮಾವನ ದನಿ ಕೇಳಿ ಅವನ ಹತ್ತಿರವೇ ಬಂತು. ಅವನು ಕಲ್ಲು ಬೀಸಿದ. ಬೈದ. ಕಾಲುವೆಯ ಆಚೆ ದಡಕ್ಕೆ ಎತ್ತಿ ಬಿಟ್ಟು ಬಂದ. ಅದು ಸೇತುವೆ ಹುಡುಕಿಕೊಂಡು ಈಚೆ ಬಂತು. ಆಡು ಕಾಯುವವನ ಕೈಗೆ ಹೋತ ಕೊಟ್ಟು ಬಿಟ್ಟು ಬಾ ಎಂದರೆ ಇನ್ನೇನಾಗುತ್ತದೆ? ಅಷ್ಟು ದೊಡ್ಡ ಊರಿನಲ್ಲಿ ಇದು ಒಬ್ಬರಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಬೆಳಗಾದ ಮೇಲೆ ಅವನು ಕಾಲುವೆಯಲ್ಲಿ ರಕ್ತ ಹತ್ತಿದ ಬಟ್ಟೆ ಒಗೆದ. ಜಳಕ ಮಾಡಿದ. ಹಸಿ ಬಟ್ಟೆಯನ್ನೇ ಉಟ್ಟುಕೊಂಡು ಕುಂಟುತ್ತ ಅಗಸಿಯ ಮುಂದೆ ಬಂದು ನಿಂತ. ಹಿಂದೆ ಹೋತ, ಮೈಮೇಲಿನ ಕುಂಕುಮ ಇನ್ನೂ ಪೂರ್ತಿ ಹೋಗಿರಲಿಲ್ಲ.

ಹಾಲಿಗೆ ಹೊರಟ ಹೆಂಗಸೊಬ್ಬಳು ಕಿರುಚಿದಳು. ಜನ ಕೂಡಿದರು. ಗೋಡೆಯಿಂದ ಗೋಡೆಗೆ ಸಾಲಾಗಿ ನಿಂತರು. ಮಾವ ಹೇಳಿದ್ದು ಒಂದೇ ಮಾತು: "ಸಾವ್ಕಾರ್ರ, ಜಳಕ ಮಾಡೀನ್ರಿ."

ಸಾಹುಕಾರರು ಹೋತವನ್ನು ತೋರಿಸಿದರು. "ಮಾರೀನ್ನ ಹೊಳ್ಳಿ ಕರಕೊಂಡು ಬಂದೀಯಲ್ಲೋ ಹಲ್ಕಾ. ಹೋಗು, ಇದ್ದಲ್ಲೇ ಇರು. ಈ ಕಡಿ ಬಂದ್ರ ಕಾಲ್ ಮುರೀತೀನಿ."

ಒಂದು ವೇಳೆ ಹೋತ ಬರದಿದ್ದರೂ ಅವರು ಬಿಡುತ್ತಿರಲಿಲ್ಲ. ಹಿಂದಿನ ಸಂಜೆ ಅವನು ಹೆಸರು ಹಿಡಿದು ಹೇಳಿದ್ದನ್ನು ಯಾರೂ ಮರೆತಿರಲಿಲ್ಲ. ಹೋತ ಒಂದು ನೆವ. ಮಾವ ಮಾತ್ರ ಇವತ್ತಿಗೂ ಅದನ್ನು ಒಪ್ಪುವುದಿಲ್ಲ. ಹೋತ ಬಂದದ್ದೇ ತಪ್ಪಾಯಿತು ಅನ್ನುತ್ತಾನೆ. ಪಾಪ, ಅಷ್ಟಾದರೂ ನಂಬಿಕೊಳ್ಳಲಿ ಎಂದು ನಾನು ಸುಮ್ಮನಾಗುತ್ತೇನೆ.

ಮಾವ ಮತ್ತೆ ತಿಪ್ಪೆಗಳ ಹಿಂದಿನ ಸಂದಿಯಿಂದಲೇ ಕೇರಿ ಸೇರಿದ. ಅವನಿಗೆ ಇನ್ನೊಂದು ಬಾಗಿಲಿತ್ತು, ಪ್ರಾರ್ಥನೆ ಮನೆಯದು. ಅಷ್ಟರಲ್ಲಿ ವಿಡಿಯೊ ದೇವದುರ್ಗ ಮುಟ್ಟಿತ್ತು. ಮತಾಂತರದ ಗಲಾಟೆಯಲ್ಲಿ ಆ ವರ್ಷ ಪ್ರಾರ್ಥನೆ ಮನೆಗಳ ಮೇಲೆ ಎಲ್ಲರ ಕಣ್ಣಿತ್ತು. ಯಾರಾದರೂ ಪೊಲೀಸರಿಗೆ ಕಳಿಸಿದರೆ ತಮ್ಮ ಗತಿ ಏನು ಎಂದು ಪಾಸ್ಟರ್ ನಡುಗಿಹೋಗಿದ್ದರು. ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ ಇತ್ತು. ರೊಟ್ಟಿಯ ತಟ್ಟೆ ಮೇಜಿನ ಮೇಲೆ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ನಾನು ರಜೆ ಹಾಕಿ ಹೋಗಿದ್ದೆ. ಪಾಸ್ಟರ್ ಎಲ್ಲರೆದುರು ಹೇಳಿದರು, ಮಾರೆಪ್ಪ ವಿಗ್ರಹದ ಹೋತಕ್ಕೆ ಕೈ ಇಟ್ಟಿದ್ದಾನೆ, ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವ ತನಕ ಅವನಿಗೆ ರೊಟ್ಟಿ ರಸ ಇಲ್ಲ.

"ನೀವs ಅಂದಿದ್ರಿ ಅಯ್ಯಾರ, ಅವ ಒಳಗ ಬಂದ ಅಂತ" ಮಾವ ಕೇಳಿದ.

"ಮಾರೆಪ್ಪ, ಯೇಸು ಒಂದೇ ಸಲಕ್ಕೆ ಎಲ್ಲ ಪಾಪ ಹೊತ್ತುಕೊಂಡು ಹೋದ. ಇನ್ನು ಯಾವ ಹೋತವೂ ಬೇಡ."

"ಹೋತ ಬ್ಯಾಡಂದ್ರ ಒಯ್ಯಾವ್ನೂ ಬ್ಯಾಡಲ್ರಿ. ಮತ್ತ ನಾನ್ಯಾಕ್ರಿ ಇನ್ನೂ ಹೊರಗ?"

ಪಾಸ್ಟರಿಗೂ ಉತ್ತರ ಬೇಕಿತ್ತು ಎಂದು ನನಗೆ ಕಂಡಿತು. "ತಪ್ಪಾಯಿತು ಅನ್ನು, ಮುಗಿಯಿತು" ಅಂದರು. "ಯಾವ್ದು ತಪ್ಪು ಅಂತ ಹೇಳ್ಲಿ? ಒಯ್ದದ್ದೋ, ಹೊಳ್ಳಿ ಬಂದದ್ದೋ?" ಎಂದು ಮಾವ ಕೇಳಿದ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಗೋಪಮ್ಮತ್ತೆ ಅಳುತ್ತಲೇ ರೊಟ್ಟಿ ತೆಗೆದುಕೊಂಡಳು. ನಾನು ತೆಗೆದುಕೊಳ್ಳಲಿಲ್ಲ. ಅದರಿಂದ ಮಾವನಿಗೇನೂ ಆಗಲಿಲ್ಲ, ನನ್ನ ಸಿಟ್ಟು ಅಷ್ಟೇ.

ಊರವರು ನಮ್ಮ ಕೇರಿಯವರನ್ನು ನಾಟಿಗೆ, ಹತ್ತಿ ಬಿಡಿಸಲು ಕರೆಯುವುದನ್ನು ನಿಲ್ಲಿಸಿದರು. ಹಿರೇಕೊಟ್ನೆಕಲ್ ಕಡೆಯಿಂದ ಆಳು ತರಿಸಿದರು. ದನಗಳು ಇನ್ನೂ ಸಾಯುತ್ತಿದ್ದವು, ಅದನ್ನೂ ಮಾವನ ತಲೆಗೆ ಕಟ್ಟಿದರು. ಎರಡು ತಿಂಗಳು ಕೂಲಿಯಿಲ್ಲದೆ ಕೂತ ಮೇಲೆ ಕೇರಿಯ ಹಿರಿಯರು ಅವನ ಹತ್ತಿರ ಬಂದರು. ಬೈಯಲಿಲ್ಲ. ಕೈ ಮುಗಿದರು. "ಸ್ವಲ್ಪ ದಿನ ಆಚಿ ಕಡಿ ಇರಪಾ. ನಮ್ಮ ಮಕ್ಕಳು ಮರಿ ಉಣ್ಣಬೇಕಲ್ಲ" ಅಂದರು. ಬೈದಿದ್ದರೆ ಅವನು ಜಗಳ ಆಡುತ್ತಿದ್ದ. ಕೈ ಮುಗಿದದ್ದಕ್ಕೆ ಎದ್ದು ಹೋದ. ಕಾಲುವೆ ದಂಡೆಯ ಮೇಲೆ ನಾಲ್ಕು ತಗಡು ನಿಲ್ಲಿಸಿಕೊಂಡ. ಹೋತವನ್ನು ಯಾರೋ ಅವನಿಲ್ಲದಾಗ ಹಿಡಿದು ಮಾರಿಬಿಟ್ಟರು. ಆಡು ಕಾಯಲು ಯಾರೂ ಕೊಡುವುದಿಲ್ಲ. ಗೋಪಮ್ಮತ್ತೆ ಮಧ್ಯಾಹ್ನ ರೊಟ್ಟಿ ಕಟ್ಟಿಕೊಂಡು ಹೋಗಿ, ತಪ್ಪಾಯಿತು ಅನ್ನು ಎಂದು ದಿನವೂ ಹೇಳಿ ಬರುತ್ತಾಳೆ. ಬೇನೆ ಯಾವತ್ತೋ ತಾನಾಗಿ ಹೋಯಿತು. ಆಳುಗಳೂ ಮತ್ತೆ ಕೆಲಸಕ್ಕೆ ಹೋದರು. ಆ ಸ್ವಲ್ಪ ದಿನ ಮಾತ್ರ ಮುಗಿಯಲಿಲ್ಲ.

ಹೋದ ಚಳಿಗಾಲದಲ್ಲಿ ನಾನು ಅವನನ್ನು ನೋಡಲು ಹೋದೆ. ಮೊಣಕಾಲು ಬಾತು ಕಾಲು ಮಡಚಲು ಬರುತ್ತಿರಲಿಲ್ಲ. ರಾಯಚೂರಿಗೆ ಬಾ, ನನ್ನ ಮನೆಯಲ್ಲಿರು ಎಂದು ಎಷ್ಟನೆಯ ಸಲವೋ ಕೇಳಿದೆ. "ಅಲ್ಲಿ ಬಂದ್ರ ನಾ ಓಡಿಹೋದಂಗ ಆಗ್ತದ" ಅಂದ. ನಾನು ಅವನಿಗಾಗಿ ಪಾಸ್ಟರನ್ನು ಕೇಳಿ ಒಂದು ಭಾಗ ಗುರುತು ಮಾಡಿಸಿಕೊಂಡು ಬಂದಿದ್ದೆ. ಕೊಯ್ದ ಹೋತದ ಮೈಯನ್ನು ಪಾಳೆಯದ ಹೊರಗೆ ಸುಡುತ್ತಿದ್ದರು, ಹಾಗೆಯೇ ಯೇಸುವೂ ಊರ ಬಾಗಿಲ ಹೊರಗೇ ಸತ್ತ, ಅವನನ್ನು ಕಾಣಬೇಕಾದರೆ ನಾವೂ ಹೊರಗೆ ಹೋಗಬೇಕು ಎಂಬ ಭಾಗ ಅದು. ಅದನ್ನು ಅವನಿಗೆ ಓದಿ ಹೇಳಿದೆ. ಇಷ್ಟು ದಿನ ಇದನ್ನು ಯಾಕೆ ಯಾರೂ ಅವನಿಗೆ ಹೇಳಲಿಲ್ಲ ಎಂದು ಎಲ್ಲರ ಮೇಲೂ ಸಿಟ್ಟು ಬಂತು.

"ಯೇಸು ಅಗಸಿ ಹೊರಗs ಅದಾನ ಮಾವ" ಅಂದೆ. "ಒಳಗ ಕುಂತವರಿಗೆ ಸಿಗಾಂವ ಅಲ್ಲ."

ಅವನು ಇನ್ನೊಂದು ಸಲ ಓದಿಸಿದ. ಗಮನವಿಟ್ಟು ಕೇಳಿದ. ಆಮೇಲೆ ದಂಡೆಯ ಉದ್ದಕ್ಕೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದ. ನೀರು ಬಿಟ್ಟಿರಲಿಲ್ಲ, ಕಾಲುವೆ ಒಣಗಿತ್ತು.

"ನಾ ಹುಟ್ಟಿದ್ದು ಹೊರಗ. ನಮ್ಮಪ್ಪ ಸತ್ತದ್ದು ಇಲ್ಲೇ, ಈ ದಂಡಿ ಮ್ಯಾಲೆ. ಈಗ ನಾನೂ ಇಲ್ಲೇ ಅದೀನಿ. ಅವ ಇಲ್ಲಿದ್ರ ಒಂದಿನಾರ ಕಾಣಬೇಕಿತ್ತಲ್ಲ ಬೇ?"

ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಅವನು ಕಾಲು ನೀವಿಕೊಂಡ.

"ಅವನೂ ಒಳಗ ಹೋಗಿ ಕುಂತಾನ ಕಾಣ್ತದ" ಅಂದ.